ಉಹೂಂ ಎಂಬ ಮಾತಿನ ತಲೆ

ಕೂತುಕೊಳ್ಳಿ, ಹೇಳ್ತೀನಿ. ಆದರೆ ಒಂದು ಕರಾರು. ನಡುವೆ ಯಾರೂ ಹೂಂಗುಟ್ಟಬಾರದು. ಹೂಂ ಅನ್ನುವವರಿಲ್ಲದೆ ಕಥೆ ಸಾಗೋದಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ, ಗೊತ್ತು. ನಿಮ್ಮೂರಲ್ಲಿ ಹೂಂ ಅಗ್ಗ. ಸೊಪ್ಪು ಮಾರುವವಳಿಗೊಂದು ಹೂಂ, ರಚ್ಚೆ ಹಿಡಿದ ಮಗುವಿಗೊಂದು ಹೂಂ, ನಿದ್ದೆಗಣ್ಣಲ್ಲಿ ಹೆಂಡತಿಗೊಂದು ಹೂಂ. ನಾನು ಬಂದ ಊರಲ್ಲಿ ಹೂಂ ಅಂದರೆ ಮುಗಿಯಿತು, ಅಂದವನ ಮಾತು ಅವನದಲ್ಲ, ಊರಿನದು. ಅಲ್ಲಿ ಒಂದು ಹೂಂ ಏನೇನು ಮಾಡಿತು ಅಂತ ಕಂಡವನು ನಾನು. ಬೇಕಾದರೆ ಕೆಮ್ಮಿ, ತಲೆ ಕೆರೆದುಕೊಳ್ಳಿ, ನನ್ನನ್ನು ಬೈಯಿರಿ. ಹೂಂ ಮಾತ್ರ ಬೇಡ.

ಆ ಊರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಂತ ಇದ್ದದ್ದು ಎರಡೇ. ಹೂಂ. ಉಹೂಂ. ಊಟ ಆಯ್ತಾ ಅಂದರೆ ಕೈ ತೋರಿಸುತ್ತಿದ್ದರು, ಬರ್ತೀಯಾ ಅಂದರೆ ಚಪ್ಪಲಿ ಮೆಟ್ಟುತ್ತಿದ್ದರು. ಆ ಎರಡು ಮಾತನ್ನು ಇಂಥ ಚಿಲ್ಲರೆ ಕೆಲಸಕ್ಕೆ ಯಾರೂ ಮುಟ್ಟುತ್ತಿರಲಿಲ್ಲ.

ಊರಿಗೆ ಏಳು ಕೇರಿ, ನಡುವೆ ಒಂದು ಚಾವಡಿ. ಒಂದಾನೊಂದು ಕಾಲದಲ್ಲಿ ಏಳು ಕೇರಿಯೂ ಏಳು ಊರೇ. ಹೊರಗಿನ ಭಯಕ್ಕೆ ಒಂದಾದರು, ಒಳಗಿನ ಭಯಕ್ಕೆ ಮೂರು ಹಲಗೆ ಬರೆದು ಚಾವಡಿಯ ಗೋಡೆಗೆ ತೂಗುಹಾಕಿದರು. ಮೊದಲ ಹಲಗೆಯಲ್ಲಿ ಚಾವಡಿಯ ಪಾಲು: ಕೋಟೆಗೋಡೆ, ಹೆದ್ದಾರಿ, ದೊಡ್ಡ ಗಂಟೆ. ಎರಡನೆಯದರಲ್ಲಿ ಕೇರಿಗಳ ಪಾಲು: ಬಾವಿ, ಒಲೆ, ಮಕ್ಕಳ ಪಾಠ, ಸುಡುಗಾಡು. ಮೂರನೆಯದರಲ್ಲಿ ಇಬ್ಬರೂ ಕೈಯಿಡಬಹುದಾದದ್ದು: ಸಂತೆ, ಸಾಲುಮರ, ಸಾಂಕ್ರಾಮಿಕ. ಮೂರನೆಯದರಲ್ಲಿ ಇಬ್ಬರ ಕೈಯೂ ಬಿದ್ದರೆ ಚಾವಡಿಯ ಕೈ ಮೇಲೆ. ಅದು ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ, ನಾನು ಹುಟ್ಟುವ ಮೊದಲೇ ಬಂದಿತ್ತು. ಒಂದು ಹಲಗೆಯ ಮಾತನ್ನು ಇನ್ನೊಂದು ಹಲಗೆಗೆ ಎತ್ತಿ ಬರೆಯಬೇಕೆಂದರೆ ಏಳರಲ್ಲಿ ಐದು ಕೇರಿ ಹೂಂ ಅನ್ನಬೇಕು. ನಾಲ್ಕಾದರೆ ಸಾಲದು.

ನಾನು ಚಾವಡಿಯಲ್ಲಿ ಬರೆವವನು. ನನಗೆ ಕೇರಿಯಿಲ್ಲ. ಕೇರಿಯಿಲ್ಲದವನಿಗೆ ಹೂಂ ಇಲ್ಲ. ಮೂವತ್ತೊಂದು ವರ್ಷ ಇನ್ನೊಬ್ಬರ ಹೂಂ ಬರೆದೆ, ನನ್ನದು ಅಂತ ಒಂದೂ ಅನ್ನಲಿಲ್ಲ.

ಪ್ರತಿ ಕೇರಿಗೂ ಒಂದು ಬಾಯಿ. ಅಂದರೆ ಒಬ್ಬ ಮನುಷ್ಯ, ಅವನ ಕೆಲಸದ ಹೆಸರೇ ಬಾಯಿ. ಐದು ವರ್ಷಕ್ಕೊಮ್ಮೆ ಕೇರಿಯವರೇ ಆರಿಸುತ್ತಿದ್ದರು. ಆರಿಸಿದ ದಿನ ಅವನು ತನ್ನ ಹೆಸರನ್ನು ಕೇರಿಯ ಅಗಸೆಬಾಗಿಲಲ್ಲಿ ಬಿಟ್ಟು ಒಳಗೆ ಬರಬೇಕು. ಆಮೇಲೆ ಅಪ್ಪ, ಅಮ್ಮ, ಗಂಡ ಅಂತ ಮನೆಯವರು ಕರೆಯಬಹುದು, ಊರಿಗೆ ಮಾತ್ರ ಅವನು ಬರೀ ಬಾಯಿ.

ಚಾವಡಿ ಒಂದು ಪ್ರಶ್ನೆ ಕೇಳಿದ ದಿನ ಕೇರಿಯವರು ಒಬ್ಬೊಬ್ಬರಾಗಿ ಬಂದು ಬಾಯಿಯ ಕಿವಿಯಲ್ಲಿ ತಮ್ಮ ಹೂಂ ಅಥವಾ ಉಹೂಂ ಊದಿ ಹೋಗಬೇಕು. ಗಂಡ ಏನು ಊದಿದ ಅಂತ ಹೆಂಡತಿಗೆ ಗೊತ್ತಾಗಬಾರದು. ಎಲ್ಲರದೂ ಮುಗಿದ ಮೇಲೆ ಯಾವುದು ಹೆಚ್ಚೋ ಅದು ಕೇರಿಯ ಮಾತು, ಅದು ಬಾಯಿಯೊಬ್ಬರಿಗೇ ಗೊತ್ತು. ಅಲ್ಲಿಂದ ತುಟಿ ಮುಚ್ಚಬೇಕು. ಮುಚ್ಚಿದ ಬಾಯಲ್ಲಿ ಆ ಮಾತು ಹೊತ್ತು ಚಾವಡಿಯವರೆಗೆ ನಡೆಯಬೇಕು. ಮಾತಾಡುವಂತಿಲ್ಲ, ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಗಂಟಲು ಸರಿಮಾಡಿಕೊಳ್ಳುವಂತೆಯೂ ಇಲ್ಲ. ಚಾವಡಿಯ ಕಲ್ಲಿನ ಮೇಲೆ ನಿಂತು ತುಟಿ ತೆರೆದಾಗ ಮೊದಲು ಬಂದ ಮಾತೇ ಕೇರಿಯ ಮಾತು.

ದಾರಿಯಲ್ಲಿ ಬಾಯಿ ತೆರೆದರೆ ಮಾತು ಚೆಲ್ಲಿತು ಅಂತ ಲೆಕ್ಕ. ಚೆಲ್ಲಿದ ಮಾತನ್ನು ಹೂಂ ಅಂತಲೇ ಬರೆಯಬೇಕು. ಮೌನಂ ಸಮ್ಮತಿ ಲಕ್ಷಣಂ, ನೋಡಿ! ಆದರೆ ಕೇರಿ ಕೊಟ್ಟ ಮಾತನ್ನು ಬೇಕಂತಲೇ ನುಂಗಿ ಬೇರೆ ಮಾತಾಡಿದರೆ ಅದು ಕಳವು. ಕಳವಿನ ಮಾಲನ್ನು ಚಾವಡಿ ಇಟ್ಟುಕೊಳ್ಳುವಂತಿಲ್ಲ, ಆ ಮಾತನ್ನು ಹೊಡೆದುಹಾಕಬೇಕು. ನುಂಗಿದವರಿಗೆ ನುಂಗುಬಾಯಿ ಅಂತ ಹೆಸರು. ಸಾಯುವ ತನಕ ಯಾರ ಪ್ರಶ್ನೆಗೂ ಅವರು ಉತ್ತರ ಕೊಡುವಂತಿಲ್ಲ. ಮಾತಾಡಬಹುದು, ಉತ್ತರ ಕೊಡುವಂತಿಲ್ಲ. ತಲೆಯಾಡಿಸುವಂತೆಯೂ ಇಲ್ಲ. ಆ ಶಿಕ್ಷೆ ಏನು ಮಹಾ ಅಂತೀರಾ? ಒಂದು ದಿನ ಮನೆಯಲ್ಲಿ ಇದ್ದು ನೋಡಿ.

ಇಷ್ಟು ತಿಳಿದರೆ ಸಾಕು. ಇನ್ನು ಬಾವಿಯ ವಿಷಯ.

ಆ ವರ್ಷ ಚಾವಡಿಯಲ್ಲಿ ಹೊಸ ಮುಂದಾಳು ಕೂತಿದ್ದ. ಒಳ್ಳೆ ಮಾತುಗಾರ. ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ, ಸಿಟ್ಟು ಮಾಡದವರ ಭಯವೇ ಭಯ. ಅವನು ಹೇಳಿದ: "ಏಳು ಕೇರಿ, ಏಳು ಬಾವಿ, ಏಳು ಹಗ್ಗ. ಇದೇನು ಊರೋ, ಏಳು ಹರಕು ಚಾಪೆಯೋ? ಹಗ್ಗಗಳೆಲ್ಲ ಚಾವಡಿಯಲ್ಲಿರಲಿ. ಪಾಳಿಯ ಪ್ರಕಾರ ಕೊಡೋಣ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ." ಎರಡನೆಯ ಹಲಗೆಯಿಂದ ಬಾವಿಯನ್ನು ಅಳಿಸಿ ಮೊದಲ ಹಲಗೆಗೆ ಬರೆಯೋಣವೇ ಅನ್ನುವುದು ಪ್ರಶ್ನೆ. ಪಾಳಿ ಯಾರು ಹಾಕುತ್ತಾರೆ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಉಹೂಂ ಅಂದ ಕೇರಿಗೆ ಹಗ್ಗ ಕೊನೆಗೆ ಬರುತ್ತದೆ, ಬಂದರೆ.

ಊರ ತುದಿಯಲ್ಲಿ ಬಾವಿಕೇರಿ. ಚಾವಡಿಯಿಂದ ಎಲ್ಲಕ್ಕಿಂತ ದೂರ, ಕಲ್ಲುನೆಲ, ಹೊಲವಿಲ್ಲ, ತೋಪಿಲ್ಲ. ಅವರಿಗಿದ್ದದ್ದು ಒಂದೇ ಒಂದು ಸಿಹಿನೀರಿನ ಬಾವಿ. ಅಜ್ಜಂದಿರ ಅಜ್ಜಂದಿರು ಮೂರು ತಲೆಮಾರು ಬಂಡೆ ಒಡೆದು ತೋಡಿದ್ದು. ಹಗ್ಗ ಹೋದರೆ ಆ ಕೇರಿ ಹೋಯಿತು. ಇದರಲ್ಲಿ ಅಲಂಕಾರದ ಮಾತೇನಿಲ್ಲ. ನೀರಿಲ್ಲದೆ ಎಷ್ಟು ದಿನ ಬದುಕುತ್ತಾರೆ ಜನ?

ಬಾವಿಕೇರಿಯ ಬಾಯಿ ಒಬ್ಬ ಸೂಲಗಿತ್ತಿ. ಹಿಂದಿನ ವರ್ಷ ಆರಿಸಿದ್ದರು. ಎದುರಿಗೆ ನಿಂತವನು ಹಗ್ಗ ಹೊಸೆಯುವವನು. ಅವನು ಮನೆಮನೆಗೂ ಹೋಗಿ ಕೈಮುಗಿದ, ಅವಳು ಎಲ್ಲಿಗೂ ಹೋಗಲಿಲ್ಲ. "ನಿಮ್ಮ ಮನೆಗೆಲ್ಲ ಒಂದೊಂದು ಸಲ ಬಂದಿದ್ದೀನಲ್ಲ, ನೀವು ಹುಟ್ಟಿದ ದಿನ," ಅಂದಳಂತೆ. ಒಂದೇ ಒಂದು ಹೂಂನಿಂದ ಗೆದ್ದಳು. ಅವಳ ಸ್ವಂತ ಮಗಳೇ ಎದುರಾಳಿಗೆ ಹೂಂ ಹಾಕಿ, ಬಂದು ಅಮ್ಮನ ಮುಂದೆ ಹೇಳಿಯೂಬಿಟ್ಟಿದ್ದಳು. "ನೀನು ಸುಳ್ಳು ಹೇಳಕ್ಕೆ ಬಾರದವಳು. ಚಾವಡಿಯಲ್ಲಿ ನಿನ್ನನ್ನ ಹುರಿದು ಮುಕ್ಕುತ್ತಾರೆ," ಅಂದಳಂತೆ. ತಾಯಿ ನಕ್ಕು, "ನಿನ್ನ ಹೂಂ ನಿನ್ನದು ಕಣೇ. ಮುದ್ದೆ ಆರ್ತಾ ಇದೆ, ತಿನ್ನು," ಅಂದಳಂತೆ. ಇಬ್ಬರೂ ಅಂಥವರೇ.

ಪ್ರಶ್ನೆಯ ದಿನ ಬಂತು. ಬೆಳಗ್ಗೆ ಬೆಳಗ್ಗೆ ನನ್ನನ್ನು ಬಾವಿಕೇರಿಗೆ ಕಳಿಸಿದರು. ದೂರದ ಕೇರಿಯ ಬಾಯಿಯ ಹಿಂದೆ ಬರೆವವನು ಹತ್ತು ಹೆಜ್ಜೆ ಬಿಟ್ಟು ನಡೆಯಬೇಕು, ಬಾಯಿ ತೆರೆಯಲಿಲ್ಲ ಅನ್ನುವುದಕ್ಕೆ ಅವನೇ ಸಾಕ್ಷಿ. ಅವನೂ ಮಾತಾಡುವಂತಿಲ್ಲ. ಕೇರಿಯ ಅಂಗಳದಲ್ಲಿ ಅವಳು ಕಲ್ಲಿನ ಮೇಲೆ ಕೂತಿದ್ದಳು. ಜನ ಒಬ್ಬೊಬ್ಬರಾಗಿ ಬಂದು ಬಗ್ಗಿ ಕಿವಿಯಲ್ಲಿ ಊದಿ ಹೋಗುತ್ತಿದ್ದರು. ಹಗ್ಗ ಹೊಸೆಯುವವನು ಊದಿ ಹೋದ. ಮಗಳು ಊದಿ ಹೋದಳು. ಬಾಣಂತಿಯನ್ನು ಹೊರಸಿನ ಮೇಲೆ ಹೊತ್ತು ತಂದರು, ಅವಳೂ ಊದಿದಳು. ಕೊನೆಯವನು ಹೋದ ಮೇಲೆ ಅವಳು ಎದ್ದು ಸೆರಗು ಕಟ್ಟಿಕೊಂಡು ತುಟಿ ಮುಚ್ಚಿದಳು. ಅವಳ ಮುಖ ನೋಡಿದರೆ ಏನು ಹೊತ್ತಿದ್ದಾಳೆ ಅಂತ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದದ್ದೇನಿತ್ತು ಹೇಳಿ, ಬಾವಿ ಬೇಡ ಅನ್ನುವ ಬಾವಿಕೇರಿ ಎಲ್ಲಾದರೂ ಉಂಟೇ?

ನಡೆದಳು. ಹತ್ತು ಹೆಜ್ಜೆ ಹಿಂದೆ ನಾನು.

ಬಿಸಿಲು ಏರಿತು. ಗಾಣದಕೇರಿಯ ಬಾಗಿಲಲ್ಲಿ ಹೆಂಗಸರು ತಂಬಿಗೆ ಹಿಡಿದು ನಿಂತಿದ್ದರು. "ಕುಡಿಯೇ ತಾಯಿ, ಒಂದು ಗುಟುಕು. ಯಾರು ನೋಡ್ತಾರೆ?" ಒಬ್ಬಳು ತಂಬಿಗೆಯನ್ನು ಅವಳ ತುಟಿಯ ಹತ್ತಿರವೇ ತಂದಳು. ನೀರು ತುಳುಕಿ ಗಲ್ಲದ ಮೇಲೆ ಬಿತ್ತು. ಅವಳು ಗಲ್ಲ ಒರೆಸಿಕೊಂಡು ನಡೆದಳು. ಹಿಂದಿನಿಂದ ನಗು ಕೇಳಿಸಿತು.

ಮಗ್ಗದಕೇರಿಯ ತಿರುವಿನಲ್ಲಿ ಒಬ್ಬ ಓಡಿ ಬಂದ. ಏದುಸಿರು ಬಿಡುತ್ತಾ ಕೂಗಿದ. "ಬಾಯಮ್ಮಾ! ನಿನ್ನ ಮಗಳು ಬಾವಿಗೆ ಬಿದ್ದಳು! ಎತ್ತಿದ್ದಾರೆ, ಉಸಿರಿಲ್ಲ!"

ಅವಳು ನಿಂತಳು. ಅಯ್ಯೋ, ಆ ನಿಲ್ಲುವಿಕೆ ನನ್ನ ಕಣ್ಣಲ್ಲಿ ಈಗಲೂ ಇದೆ. ಯಾವ ತಾಯಿಯಾದರೂ ಚೀರುವ ಗಳಿಗೆ ಅದು. ಅವಳ ಕುತ್ತಿಗೆಯ ನರ ಉಬ್ಬಿತು, ಎರಡು ಕೈಯಿಂದ ತನ್ನ ಬಾಯಿಯನ್ನು ತಾನೇ ಒತ್ತಿ ಹಿಡಿದಳು. ತಿರುಗಿ ನನ್ನನ್ನು ನೋಡಿದಳು. ಸುಳ್ಳೋ ನಿಜವೋ ಅಂತ ಕೇಳುವ ನೋಟ. ನನಗೇನು ಗೊತ್ತು? ನಾನು ಅವಳ ಹಿಂದೆಯೇ ಬಂದವನು. ಗೊತ್ತಿದ್ದರೂ ಹೇಳುವಂತಿರಲಿಲ್ಲ. ಓಡಿ ಬಂದವನ ಕಾಲಲ್ಲಿ ದೂಳಿರಲಿಲ್ಲ ಅನ್ನುವುದನ್ನು ಮಾತ್ರ ಕಂಡೆ. ಅಷ್ಟು ದೂರದಿಂದ ಓಡಿ ಬಂದವನ ಕಾಲು ತೊಳೆದಿಟ್ಟ ಹಾಗಿತ್ತು. ನಾನು ಅವನ ಕಾಲನ್ನೇ ನೋಡುತ್ತಾ ನಿಂತೆ. ಅವಳು ನಾನು ನೋಡುವ ಕಡೆ ನೋಡಿದಳೋ ಏನೋ ಹೇಳಲಾರೆ. ಆಮೇಲೆ ಮುಂದಕ್ಕೆ ಹೆಜ್ಜೆ ಇಟ್ಟಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಯಿ ತೆರೆಯಲಿಲ್ಲ.

ಸುಣ್ಣದಕೇರಿ ದಾಟಿದ ಮೇಲೆ ದಾರಿಯ ಪಕ್ಕ ದನಗಳ ಬಾನಿ. ಪಾಚಿಗಟ್ಟಿದ ನೀರು, ಮೇಲೆ ಹುಲ್ಲಿನ ಕಡ್ಡಿ. ಅವಳು ಅದರ ಹತ್ತಿರ ಒಂದು ಉಸಿರು ನಿಂತಳು. ನೀರಿನ ಕಡೆ ನೋಡಿದಳು. ಮತ್ತೆ ನಡೆದಳು. ಮುಟ್ಟಲಿಲ್ಲ. ನಾನು ನೋಡಿದ್ದೇನೆ, ಮುಟ್ಟಲಿಲ್ಲ.

ಚಾವಡಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಆರು ಬಾಯಿಗಳೂ ಬಂದು ತಮ್ಮ ಮಾತು ಒಪ್ಪಿಸಿ ಕೂತಿದ್ದವು. ಹತ್ತಿರದ ಕೇರಿಯವರು ಬೆಳಗ್ಗೆಯೇ ಬಂದು ಮಜ್ಜಿಗೆ ಕುಡಿದು ಗೋಡೆಗೆ ಒರಗಿದ್ದರು. ನಾಲ್ಕು ಹೂಂ. ಎರಡು ಉಹೂಂ. ಇನ್ನು ಒಂದೇ ಹೂಂ ಬಂದರೆ ಐದು. ನಾನು ನನ್ನ ಜಾಗದಲ್ಲಿ ಕೂತು ಲೇಖನಿ ಹಿಡಿದೆ. ನನ್ನ ಪಕ್ಕದ ಎತ್ತರದ ಪೀಠದಲ್ಲಿ ಊರಕಿವಿ ಕೂತಿದ್ದ. ಜಗಳ ಬಿದ್ದರೆ ಏನು ಕೇಳಿಸಿತು ಅಂತ ತೀರ್ಮಾನ ಹೇಳುವ ಮುದುಕ. ಅವನು ಕಿವಿಯಿಂದ ಕೇಳಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬುವಂತಿಲ್ಲ. ಮುಂದಾಳು ಎದುರಿಗೆ, ಕೈಕಟ್ಟಿಕೊಂಡು.

ಅವಳು ಕಲ್ಲಿನ ಮೇಲೆ ನಿಂತಳು. ತುಟಿ ಒಂದಕ್ಕೊಂದು ಅಂಟಿಕೊಂಡಿತ್ತು, ಬಿಡಿಸುವಾಗ ರಕ್ತ ಚಿಮ್ಮಿತು.

ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಬಹಳ ಹೊತ್ತು ಮುಚ್ಚಿದ್ದ ಗಂಟಲಿನ ಮೊದಲ ದನಿ ದನಿಯಲ್ಲ, ಬರೀ ಗಾಳಿ. ಬೆಳಗ್ಗೆ ಎದ್ದು ಮಾತಾಡಿ ನೋಡಿ, ನಿಮಗೂ ಹಾಗೇ. ಇಷ್ಟು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ. ಯಾಕಂದರೆ ದೂರದ ಕೇರಿಗಳು ಹೆಚ್ಚಾಗಿ ಹೂಂ ಅನ್ನುತ್ತಿದ್ದವು. ಹೂಂ ಅನ್ನುವ ಮಾತಿಗೆ ತಲೆ ಹೋದರೂ ಅದು ಹೂಂ. ಉಹೂಂ ಅನ್ನುವ ಮಾತಿಗೆ ತಲೆಯಾದ ಉ ಹೋದರೆ ಅದೂ ಹೂಂ.

ಅವಳ ಗಂಟಲಿಂದ ಮೊದಲು ಗಾಳಿ ಬಂತು. ಆಮೇಲೆ ಬಂತು: "ಹೂಂ."

ಅವಳ ಮುಖ ನೋಡಿದೆ. ತಾನು ಅಂದದ್ದು ಅವಳ ಕಿವಿಗೆ ಆಗ ಬಿತ್ತು. ಎರಡು ಕೈಯನ್ನೂ ಗಂಟಲಿಗೆ ಒಯ್ದಳು, ಕಳೆದುಕೊಂಡದ್ದನ್ನು ಅಲ್ಲಿ ತಡಕುವವಳ ಹಾಗೆ.

"ಉ ಇತ್ತು!" ಅಂದಳು. ಗೊಗ್ಗರು ದನಿ. "ಸ್ವಾಮಿ, ಅದರ ಮುಂದೆ ಉ ಇತ್ತು!"

ಮುಂದಾಳು ಎದ್ದು ಬಂದ. "ಪಾಪ, ಎಷ್ಟು ದೂರದಿಂದ ಬಂದಿದ್ದಾಳೆ. ಯಾರಾದರೂ ನೀರು ಕೊಡಿ," ಅಂದ. ಬಿಂದಿಗೆ ತಂದು ಅವಳ ಮುಂದಿಟ್ಟರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. "ತಾಯಿ, ಹೂಂ ಅಂದದ್ದಾಯಿತು. ಆಡಿದ ಮಾತು, ಒಡೆದ ಮುತ್ತು. ಬೇಜಾರು ಯಾಕೆ? ನಿಮ್ಮ ಕೇರಿಯ ಹೂಂ ಐದನೆಯದು. ಪಾಳಿಯಲ್ಲಿ ಹಗ್ಗ ನಿಮಗೇ ಮೊದಲು. ನಾನು ಮಾತು ಕೊಡ್ತೀನಿ."

"ನನ್ನ ಕೇರಿ ಕೊಟ್ಟಿದ್ದು ಉಹೂಂ. ಉ ಬಾಯಲ್ಲೇ ಉಳೀತು."

"ಕೇಳಿಸಲಿಲ್ಲವಲ್ಲ," ಅಂದ ಮುಂದಾಳು, ನಿಜವಾಗಿಯೂ ಸಂಕಟಪಡುವವನ ಹಾಗೆ. ಊರಕಿವಿಯ ಕಡೆ ತಿರುಗಿದ. "ಅಜ್ಜಾ, ನಿಮಗೆ ಕೇಳಿಸಿತೇ ಉ?"

ಊರಕಿವಿ ಕಣ್ಣು ಮುಚ್ಚಿ ಕೂತಿದ್ದ. ಹಾಗೇ ಕೂತು ಹೇಳಿದ. "ಕೇಳಿಸಿದ್ದು ಹೂಂ. ಬಾಯಿಂದ ಏನು ಹೊರಟಿತು ಅನ್ನುವುದು ನನಗೆ ಬೇಡ, ಕಿವಿಗೆ ಏನು ತಲುಪಿತು ಅನ್ನುವುದೇ ನನ್ನ ಕೆಲಸ."

ಮುಂದಾಳು ನನ್ನ ಕಡೆ ಕೈ ಮಾಡಿದ. "ಬರಿ."

"ಇನ್ನೂ ಇದೆ," ಅಂದ ಊರಕಿವಿ. ಕಣ್ಣು ತೆರೆದು ಅವಳನ್ನೇ ನೋಡಿದ. ನಿಧಾನವಾಗಿ, ಒಂದೊಂದೇ ಮಾತನ್ನು ಅವಳ ಕೈಯಲ್ಲಿಟ್ಟ ಹಾಗೆ ಹೇಳಿದ. "ನಿನ್ನ ಕೇರಿ ಕೊಟ್ಟದ್ದು ಉಹೂಂ ಅಂತೀಯ. ನೀನು ಅಂದದ್ದು ಹೂಂ. ನಡುವೆ ಒಂದು ಉ ಕಾಣೆ. ಅದು ಬಿತ್ತೋ? ನೀನು ನುಂಗಿದೆಯೋ? ಬಿದ್ದದ್ದಾದರೆ ನಿನ್ನ ತಪ್ಪಿಲ್ಲ, ನೀನು ಬಾಯಿಯಾಗಿಯೇ ಮನೆಗೆ ಹೋಗು. ಹೂಂ ಮಾತ್ರ ನಿಲ್ಲುತ್ತದೆ. ನುಂಗಿದ್ದಾದರೆ ನಿನ್ನ ಮಾತು ಹೊಡೆದುಹಾಕುತ್ತೇನೆ. ಆಗ ನೀನು ಏನಾಗುತ್ತೀ ಅಂತ ನಿನಗೆ ಗೊತ್ತು. ಯೋಚನೆ ಮಾಡಿ ಹೇಳು ಮಗಳೇ."

ಮುದುಕ ಅವಳಿಗೆ ಬಾಗಿಲು ತೋರಿಸಿದ್ದ. ಎಂಥ ಬಾಗಿಲು ಅಂತೀರಿ! ತಪ್ಪು ಮಾಡದವಳಿಗೆ ಆ ಚಾವಡಿಯಲ್ಲಿ ಪರಿಹಾರವಿರಲಿಲ್ಲ. ಕಳ್ಳಿಯಾದರೆ ಮಾತ್ರ ಇತ್ತು.

"ಪಾಪ, ಬಿದ್ದಿರಬೇಕು ಬಿಡಿ," ಅಂದ ಮುಂದಾಳು ಅವಸರದಲ್ಲಿ. ಅವನ ದನಿಯಲ್ಲಿ ಅವಸರ ಕೇಳಿದ್ದು ಅದೇ ಮೊದಲು. "ಅವಳ ಮೇಲೆ ಇಲ್ಲದ ಅಪವಾದ ಯಾಕೆ? ಮರ್ಯಾದಸ್ಥ ಹೆಂಗಸು."

ಅವಳು ನೆಲ ನೋಡುತ್ತಾ ನಿಂತಿದ್ದಳು. ಗೋಡೆಗೆ ಒರಗಿದ್ದ ಆರು ಬಾಯಿಗಳೂ ನೆಟ್ಟಗೆ ಕೂತವು. ನನ್ನ ಲೇಖನಿಯ ತುದಿಯಲ್ಲಿ ಮಸಿ ಒಣಗುತ್ತಿತ್ತು. ಮಗಳು ಬದುಕಿದ್ದಾಳೋ ಸತ್ತಿದ್ದಾಳೋ ಅನ್ನುವುದೂ ಅವಳಿಗೆ ಇನ್ನೂ ಗೊತ್ತಿರಲಿಲ್ಲ, ಅದನ್ನು ಮರೆಯಬೇಡಿ.

"ನುಂಗಿದೆ," ಅಂದಳು.

"ಸುಳ್ಳು!" ಅಂದ ಮುಂದಾಳು.

"ಬೇಕಂತಲೇ ನುಂಗಿದೆ."

"ಯಾಕೆ?" ಊರಕಿವಿ ಕೇಳಿದ. "ಆಸೆಯಿಲ್ಲದೆ ಯಾರೂ ನುಂಗುವುದಿಲ್ಲ. ಏನು ಸಿಕ್ಕಿತು ನಿನಗೆ?"

ಸುಳ್ಳು ಹೇಳಲು ಬಾರದವಳು ಅವಳು. ಯಾರೋ ಕೊಟ್ಟರು ಅಂದರೆ ಆ ಯಾರನ್ನೋ ಹಿಡಿದು ತರುತ್ತಾರೆ. ತಂಬಿಗೆ ಹಿಡಿದು ಬಂದ ಹೆಂಗಸಿನ ಹೆಸರು ಹೇಳಬಹುದಿತ್ತು, ಹೇಳಲಿಲ್ಲ. ಹುಡುಕಿ ಹುಡುಕಿ ತನಗೆ ತಾನೇ ಅವಮಾನವಾಗುವಂಥ ಒಂದು ಮಾತು ತೆಗೆದಳು.

"ನೀರು," ಅಂದಳು. "ಬಾಯಾರಿತ್ತು. ಉ ಬಾಯಲ್ಲಿದ್ದರೆ ನೀರು ಇಳಿಯಲ್ಲ. ಅದನ್ನ ನುಂಗಿ ನೀರು ಕುಡಿದೆ. ಸುಣ್ಣದಕೇರಿಯ ಆಚೆ, ದನದ ಬಾನೀಲಿ."

ಚಾವಡಿಯಲ್ಲಿ ನಗು ಎದ್ದಿತು. ಗೋಡೆಗೆ ಒರಗಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾವಿಕೇರಿಯವಳು! ಬಾನಿ ನೀರಿಗೆ ಕೇರಿಯ ಮಾತು ಮಾರಿದಳಂತೆ!" ಉಹೂಂ ಅಂದಿದ್ದ ಇಬ್ಬರೂ ನಕ್ಕರು. ಅವಳು ನಗುವವರ ನಡುವೆ ನಿಂತಿದ್ದಳು, ತುಟಿಯ ರಕ್ತ ಒಣಗಿ ಕಪ್ಪಾಗಿತ್ತು.

ಮುಂದಾಳು ಮಾತ್ರ ನಗಲಿಲ್ಲ. ಅವನು ಬುದ್ಧಿವಂತ. "ಅಜ್ಜಾ, ಇವಳ ಹಿಂದೆ ಸಾಕ್ಷಿ ನಡೆದು ಬಂದಿದ್ದಾನಲ್ಲ," ಅಂದ. "ಅವನನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

ನನ್ನ ಜೀವಮಾನದಲ್ಲಿ ಆ ಚಾವಡಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಅದೊಂದೇ ಸಲ. ಊರಕಿವಿ ಬಗ್ಗಿ ಕೇಳಿದ. "ಬರೆವವನೇ. ಇವಳು ಬಾನಿಯಲ್ಲಿ ನೀರು ಕುಡಿದದ್ದನ್ನು ನೀನು ಕಂಡೆಯಾ?"

ಉಹೂಂ ಅಂದರೆ ನಿಜ. ಉಹೂಂ ಅಂದರೆ ಅವಳು ನಿರಪರಾಧಿ, ಮರ್ಯಾದೆಯಿಂದ ಮನೆಗೆ ಹೋಗುತ್ತಾಳೆ, ಬಾವಿ ಚಾವಡಿಗೆ ಬರುತ್ತದೆ. ನನಗೆ ಆ ಕೇರಿಯಲ್ಲಿ ಮನೆಯಿಲ್ಲ, ನೆಂಟರಿಲ್ಲ, ಒಂದು ಕೊಡ ನೀರಿನ ಋಣವೂ ಇಲ್ಲ. ಮೂವತ್ತೊಂದು ವರ್ಷ ಸತ್ಯ ಬರೆದು ಬರೆದು ನನ್ನ ಬೆರಳು ಡೊಂಕಾಗಿತ್ತು. ನನ್ನ ಗಂಟಲೂ ಬೆಳಗಿನಿಂದ ಮುಚ್ಚಿತ್ತು, ನೆನಪಿಡಿ. ನನಗೆ ಭಯವಾದದ್ದೇ ಅದು. ಏನಾದರೂ ಅನ್ನಲು ಹೋಗಿ ಏನಾದರೂ ಬಂದುಬಿಟ್ಟರೆ? ಆಮೇಲೆ ಹೊಳೆಯಿತು. ಇಂಥ ಮುಚ್ಚಿದ ಗಂಟಲಿಗೆ ಸುಲಭವಾಗಿ ಬರುವುದು ಒಂದೇ ಮಾತು, ಇವತ್ತು ಒಂದು ಸಲ ಅದರಿಂದ ಒಳ್ಳೆಯದಾಗಲಿ.

"ಹೂಂ," ಅಂದೆ.

"ಕಂಡೂ ಸುಮ್ಮನಿದ್ದೆಯಾ?" ಮುಂದಾಳು ಕೇಳಿದ.

"ಹೂಂ," ಅಂದೆ ಮತ್ತೆ.

ಊರಕಿವಿ ಉಸಿರು ಬಿಟ್ಟ. ಅವನಿಗೆ ನಿಜ ಗೊತ್ತಿತ್ತು ಅಂತ ನನಗೆ ಅನುಮಾನ. ಆದರೆ ಅವನು ಕಿವಿ, ಕೇಳಿಸಿದ್ದನ್ನೇ ನಂಬಬೇಕು. "ಬಾವಿಕೇರಿಯ ಮಾತು ಹೊಡೆದುಹಾಕಿ," ಅಂದ. "ನಾಲ್ಕು ಹೂಂ, ಸಾಲದು. ಬಾವಿ ಎರಡನೆಯ ಹಲಗೆಯಲ್ಲೇ ಇರಲಿ. ಈ ಹೆಂಗಸು ಇವತ್ತಿನಿಂದ ನುಂಗುಬಾಯಿ. ಈ ಬರೆವವನು ಇವತ್ತಿನಿಂದ ಚಾವಡಿಯವನಲ್ಲ." ಆಮೇಲೆ ದನಿ ತಗ್ಗಿಸಿದ. "ಒಂದು ಎಚ್ಚರಿಕೆ. ಉ ನುಂಗಲಿಲ್ಲ, ಬಿದ್ದದ್ದು ಅಂತ ಮುಂದೆ ಯಾವತ್ತಾದರೂ ಚಾವಡಿಯ ಕಿವಿಗೆ ಬಿದ್ದರೆ ಹೊಡೆದುಹಾಕಿದ ಹೂಂ ಮತ್ತೆ ಎದ್ದು ಬರುತ್ತದೆ. ಇಬ್ಬರಿಗೂ ತಿಳಿಯಿತಲ್ಲ?" ಅವಳು ಉತ್ತರ ಕೊಡಲಿಲ್ಲ. ಕೊಡುವಂತೆಯೂ ಇರಲಿಲ್ಲ ಈಗ.

ನನ್ನ ಕೊನೆಯ ಬರಹ ಅದು. ಬರೆದು ಲೇಖನಿ ಇಟ್ಟು ಹೊರಗೆ ಬಂದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಲಿಲ್ಲ. ಅಭ್ಯಾಸ ನೋಡಿ, ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದೆ. ದಾರಿಯಲ್ಲಿ ಗಾಣದಕೇರಿಯ ಹೆಂಗಸರು ಈ ಸಲ ತಂಬಿಗೆ ಹಿಡಿದು ನಿಂತಿರಲಿಲ್ಲ. ಅವಳು ಎಲ್ಲಿಯೂ ನಿಲ್ಲಲಿಲ್ಲ. ಮಗಳಿಗೆ ಏನಾಯಿತೋ ಅಂತ ಓಡಿದ ಹಾಗೆ ನಡೆಯುತ್ತಿದ್ದಳು.

ಸುದ್ದಿಗೆ ಕಾಲು ಹೆಚ್ಚು. ನಾವು ಬಾವಿಕೇರಿ ಮುಟ್ಟುವ ಮೊದಲೇ ಅದು ಮುಟ್ಟಿತ್ತು. ಕೇರಿಗೆ ಕೇರಿಯೇ ಬಾವಿಯ ಸುತ್ತ ನಿಂತಿತ್ತು. ಬಾವಿ ಉಳಿಯಿತು ಅಂತ ಸಂತೋಷ, ಬಾಯಿ ಮಾರಿಕೊಂಡಳು ಅಂತ ಸಿಟ್ಟು, ಎರಡೂ ಒಂದೇ ಮುಖದ ಮೇಲೆ. ಮಗಳು ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಮೈಮೇಲೆ ಒಂದು ಹನಿ ನೀರಿರಲಿಲ್ಲ. ಕೈಯಲ್ಲಿ ಹಗ್ಗ. ತಾಯಿ ಅವಳನ್ನು ಕಂಡವಳೇ "ಇದ್ದೀಯಾ ಕಂದಾ," ಅಂದಳು. ಯಾಕೆ ಹಾಗಂದಳು ಅಂತ ಕೇರಿಯವರಾರಿಗೂ ಗೊತ್ತಾಗಲಿಲ್ಲ.

"ಬಾನಿ ನೀರಿಗೆ!" ಅಂದಳು ಒಬ್ಬ ಮುದುಕಿ. ಥೂ ಅಂತ ಉಗಿದಳು. "ನನ್ನ ಮೂರು ಹೆರಿಗೆ ಮಾಡಿದ ಕೈ ಅಂತ ಇವಳಿಗೆ ಹೂಂ ಹಾಕಿದ್ದೆ. ನನ್ನ ಹೂಂಗೆ ಬೆಂಕಿ ಬೀಳ!"

ಹಗ್ಗ ಹೊಸೆಯುವವನು ಅವಳನ್ನು ನೋಡಿ ತಲೆ ತಗ್ಗಿಸಿದ. ನಾಳೆಯಿಂದ ಅವನೇ ಬಾಯಿ. ಗುಂಪಿನ ಅಂಚಿನಲ್ಲಿ ಚಾವಡಿಯವನೊಬ್ಬ ನಿಂತಿದ್ದ, ಏನು ಮಾತು ಬೀಳುತ್ತದೋ ಅಂತ ಕಿವಿ ನೆಟ್ಟುಕೊಂಡು. ಬೆಳಗ್ಗೆ ತೊಳೆದಿಟ್ಟಂತಿದ್ದ ಅವನ ಕಾಲು ಈಗ ದೂಳಾಗಿತ್ತು. ನಾನು ಅವನನ್ನು ಗುರುತು ಹಿಡಿದೆ. ಅವಳೂ ಹಿಡಿದಳು.

ಮಗಳು ಕಟ್ಟೆಯಿಂದ ಇಳಿದು ಬಂದಳು. "ಅಮ್ಮಾ," ಅಂದಳು. "ಇವರೆಲ್ಲ ಹೇಳೋದು ನಾನು ನಂಬಲ್ಲ. ನೀನು ಹೇಳು. ನೀನು ನುಂಗಿದೆಯಾ?"

ತಾಯಿ ಮಗಳ ಮುಖ ನೋಡುತ್ತಾ ನಿಂತಳು.

"ಹೇಳಮ್ಮಾ. ಉಹೂಂ ಅನ್ನು. ಒಂದು ಸಲ ಅನ್ನು ಸಾಕು, ನಾನು ಎಲ್ಲರ ಜೊತೆ ಜಗಳ ಆಡ್ತೀನಿ." "ತಲೆನಾದ್ರೂ ಆಡಿಸು."

ತಾಯಿಯ ಕುತ್ತಿಗೆಯ ನರ ಬೆಳಗ್ಗೆ ಮಗ್ಗದಕೇರಿಯ ತಿರುವಿನಲ್ಲಿ ಉಬ್ಬಿದ ಹಾಗೇ ಉಬ್ಬಿತು. ತಲೆ ಅಲುಗಲಿಲ್ಲ.

ಮಗಳು ನನ್ನ ಕಡೆ ತಿರುಗಿದಳು. "ನೀವು ಹಿಂದೆ ಇದ್ರಲ್ಲ. ನೀವು ಮುದುಕರು, ಸುಳ್ಳು ಹೇಳಬೇಡಿ. ನಮ್ಮಮ್ಮ ಆ ನೀರು ಕುಡಿದಳಾ?"

ಚಾವಡಿಯವನು ಎರಡು ಹೆಜ್ಜೆ ಹತ್ತಿರ ಬಂದ. ಬಾವಿಯೊಳಗೆ ಹಗ್ಗದ ತುದಿ ನೀರಿಗೆ ತಾಗುವ ಸದ್ದು ಕೇಳುತ್ತಿತ್ತು. ಅವಳು ನನ್ನನ್ನು ನೋಡಿದಳು. ಬೆಳಗ್ಗೆ ನೋಡಿದ ನೋಟ ಪ್ರಶ್ನೆ ಕೇಳಿತ್ತು. ಈ ನೋಟ ಬೇಡಿಕೊಳ್ಳುತ್ತಿತ್ತು. ಏನನ್ನು ಅಂತ ನನಗೆ ಗೊತ್ತಿತ್ತು.

"ಹೂಂ," ಅಂದೆ.

ಮಗಳು ಹಗ್ಗವನ್ನು ತಾಯಿಯ ಕಾಲ ಬಳಿ ಬಿಸಾಡಿ ಜನರ ನಡುವೆ ಹೊರಟುಹೋದಳು. ತಿರುಗಿ ನೋಡಲಿಲ್ಲ.

ತಾಯಿ ಬಗ್ಗಿ ಹಗ್ಗ ಎತ್ತಿಕೊಂಡಳು. ಯಾರೂ ತಡೆಯಲಿಲ್ಲ, ಯಾರೂ ಕೈಜೋಡಿಸಲಿಲ್ಲ. ಕೊಡ ಇಳಿಸಿದಳು, ಸೇದಿದಳು, ಕಟ್ಟೆಯ ಮೇಲೆ ಇಟ್ಟಳು. ಬೊಗಸೆಯೊಡ್ಡಿ ಕುಡಿದಳು. ಮತ್ತೆ ಕುಡಿದಳು. ಸೆರಗು, ರವಿಕೆ ಎಲ್ಲ ನೆನೆಯಿತು, ಒಡೆದ ತುಟಿಯಿಂದ ನೀರು ಕೆಂಪಾಗಿ ಇಳಿಯಿತು, ಆದರೂ ಕುಡಿಯುತ್ತಲೇ ಇದ್ದಳು.

"ನೋಡ್ರೇ," ಅಂದರು ಯಾರೋ ಗುಂಪಿನಲ್ಲಿ, "ಬಾನಿ ನೀರು ಸಾಲಲಿಲ್ಲ ಅಂತ ಕಾಣುತ್ತೆ ಇವಳಿಗೆ." ಜನ ನಕ್ಕರು. ಬೆಳಗಿನಿಂದ ಅವಳ ಗಂಟಲಿಗೆ ಇಳಿದ ಮೊದಲ ನೀರು ಅದು.